ಗಾಲಿಕಡ್ಡಿ ಮಾಡಿದ್ದು ನಾನಲ್ಲ

ನಾನು ಮೆಟ್ರಿಕ್ ತನಕ ಓದಿದವನು, ಬಡಿಗತನ ಮಾಡಿ ಬದುಕಿದವನು. ಬರೆಯುವ ರೂಢಿ ಇಲ್ಲ. ಆದ್ದರಿಂದ ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗಾಲಿಕಡ್ಡಿ ಎಂಬ ಕಟ್ಟಿಗೆಯ ಆಟಿಕೆಯನ್ನು ಕಂಡುಹಿಡಿದವನು ನಾನಲ್ಲ. ಬಬಲೇಶ್ವರದ ನನ್ನ ಕೆಲಸದ ಮನೆಯಲ್ಲಿ ಜೊತೆಗಿದ್ದ, ತಿಕೋಟಾದ ನನ್ನ ಗೆಳೆಯ ಅದನ್ನು ಮಾಡಿದ. ಮೂವತ್ತು ವರ್ಷಕ್ಕೂ ಮೇಲೆ ನಾನು ಅದನ್ನು ನನ್ನದೆಂದು ಹೇಳಿಕೊಂಡು ಬಂದೆ.

ವಿಜಯಪುರದ ಸುತ್ತ ಬೆಳೆದವರಿಗೆ ಗಾಲಿಕಡ್ಡಿ ಏನೆಂದು ತಿಳಿಸಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಬೇವಿನ ಕಟ್ಟಿಗೆಯಲ್ಲಿ ತಿರುವಿದ, ಬಿಸ್ಕೀಟಿನಷ್ಟು ಅಗಲದ, ಹೆಬ್ಬೆರಳಷ್ಟು ದಪ್ಪದ ಗಾಲಿಗಳು. ಒಂದೊಂದಕ್ಕೂ ಅಂಚಿನ ಸುತ್ತ ಎಂಟು ತೂತು, ನಡುವೆ ಒಂದು. ಜೊತೆಗೆ ನಾಲ್ಕು ಅಳತೆಯ ಕಡ್ಡಿಗಳು. ಕಡ್ಡಿಯ ತುದಿಯನ್ನು ತೂತಿಗೆ ಒತ್ತಿದರೆ ಹಿಡಿದುಕೊಳ್ಳುತ್ತದೆ, ಎಳೆದರೆ ಬಿಟ್ಟುಕೊಡುತ್ತದೆ. ಮೊಳೆ ಇಲ್ಲ, ಅಂಟು ಇಲ್ಲ. ಮಕ್ಕಳು ಇದರಲ್ಲಿ ಬಂಡಿ ಕಟ್ಟುತ್ತಾರೆ, ಏಣಿ ಕಟ್ಟುತ್ತಾರೆ, ಬಾವಿಯ ರಾಟೆ ಕಟ್ಟುತ್ತಾರೆ. ಗೋಲಗುಮ್ಮಟ ಕಟ್ಟಲು ಹೋಗಿ ಮೇಲಿನ ಗುಮ್ಮಟ ಕೂಡದೆ ಅಳುತ್ತಾರೆ. ನಡುವೆ ಪ್ಲಾಸ್ಟಿಕ್ಕಿನ ಆಟಿಕೆಗಳು ಬಂದವು, ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಒಡೆದವು. ಮೊಬೈಲು ಬಂತು. ಆಗ ಗಾಲಿಕಡ್ಡಿ ಮುಗಿಯಿತೆಂದೇ ನಾನು ತಿಳಿದಿದ್ದೆ. ಮುಗಿಯಲಿಲ್ಲ. ತಾವು ಆಡಿದ್ದ ಡಬ್ಬಿಯನ್ನೇ ಅಟ್ಟದಿಂದ ಇಳಿಸಿ ಮಕ್ಕಳಿಗೆ ಕೊಟ್ಟ ತಾಯಂದಿರನ್ನು ನಾನು ಬಲ್ಲೆ. ಕಡ್ಡಿ ಮುರಿದರೆ ಯಾರ ಹಿತ್ತಲಿನ ಬೇವಿನ ಗಿಡದಿಂದಲಾದರೂ ಹೊಸದನ್ನು ಕೆತ್ತಿಕೊಳ್ಳಬಹುದು. ಕೂಸುಗಳು ಬಾಯಿಗೆ ಹಾಕಿಕೊಂಡರೆ ಕಹಿಗೆ ತಾವೇ ಉಗುಳುತ್ತವೆ. ಬೇವೇ ಬೇಕು ಎಂದು ಹಟ ಹಿಡಿದವನೂ ಆ ಗೆಳೆಯನೇ. ನಾನು ಸಾಗವಾನಿ ಚೂರು ಸಾಕು ಎಂದಿದ್ದೆ.

ನಾವಿಬ್ಬರೂ ಮೊದಲು ಎತ್ತಿನ ಚಕ್ಕಡಿಯ ಗಾಲಿ ಮಾಡುವವರು. ಟೈರಿನ ಗಾಡಿ ಬಂದು ಆ ಕೆಲಸ ನಿಂತ ಮೇಲೆ ಲೇಥ್ ಮಶೀನು ಹಾಕಿಕೊಂಡು ಮಂಚದ ಕಾಲು, ತೊಟ್ಟಿಲು, ಲಟ್ಟಣಿಗೆ ಮಾಡತೊಡಗಿದೆವು. ಅವನು ನನಗಿಂತ ಎರಡು ವರ್ಷ ಸಣ್ಣವನು. ನನ್ನನ್ನು ಅಣ್ಣಾ ಎನ್ನುತ್ತಿದ್ದ, ನಾನು ಅವನನ್ನು ತಮ್ಮಾ ಎನ್ನುತ್ತಿದ್ದೆ. ಅವನಿಗೆ ಹೊಸದಾಗಿ ನಿಕಾಹ್ ಆಗಿತ್ತು. ಕೆಲಸದ ಮನೆಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಗಂಡ ಹೆಂಡತಿ ಇದ್ದರು.

ನಮ್ಮ ಕಡೆ ಜೋಳದ ರಾಶಿ ಮುಗಿದ ಮೇಲೆ ಮಕ್ಕಳು ದಂಟಿನ ಬಂಡಿ ಮಾಡುತ್ತಾರೆ. ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಆ ತುಂಡುಗಳಿಗೆ ಸಿಪ್ಪೆಯ ಸಿಬಿರನ್ನೇ ಚುಚ್ಚಿ ಜೋಡಿಸುತ್ತಾರೆ. ಓಣಿಯ ಒಂದು ಹುಡುಗಿ ಇಡೀ ದಿನ ಕುಳಿತು ಅಂಥ ಬಂಡಿ ಮಾಡಿ ಕಟ್ಟೆಯ ಮೇಲೆ ಇಟ್ಟು ನೀರು ಕುಡಿಯಲು ಹೋಗಿದ್ದಳು. ಬರುವಷ್ಟರಲ್ಲಿ ಎಮ್ಮೆ ಅದನ್ನು ತಿಂದುಬಿಟ್ಟಿತ್ತು. ಆಕೆಯ ಅಳು ಕೇಳಿ ಗೆಳೆಯ ಹೊರಗೆ ಹೋಗಿ ನೋಡಿ ಬಂದ.

“ಅಣ್ಣಾ, ಇದನ್ನ ಕಟಗೀಲೆ ಮಾಡಿದ್ರ ಎಮ್ಮಿ ತಿನ್ನಂಗಿಲ್ಲ ನೋಡು.”

“ಎಮ್ಮೀಗಿ ಹೆದರಿ ಲೇಥ್ ಚಾಲೂ ಮಾಡ್ತಿ ಏನೋ ತಮ್ಮಾ?” ಎಂದು ನಾನು ನಕ್ಕೆ. ಈ ಆಟಿಕೆಯಲ್ಲಿ ನನ್ನ ಪಾಲು ಆ ನಗೆ, ಅಷ್ಟೇ.

ಮಾಡುವುದು ಸುಲಭವಾಗಲಿಲ್ಲ. ಕಟ್ಟಿಗೆ ಬೆಂಡಿನ ಹಾಗೆ ಮೆತ್ತಗಿಲ್ಲ. ಬೇಸಿಗೆಯಲ್ಲಿ ಕಡ್ಡಿ ಒಣಗಿ ತೂತಿನಿಂದ ಉದುರುತ್ತಿತ್ತು. ಮಳೆ ಬಿದ್ದರೆ ಉಬ್ಬಿ ಹಿಡಿದು, ತೆಗೆಯಲು ಹಲ್ಲು ಹಚ್ಚಬೇಕಾಗುತ್ತಿತ್ತು. ಎರಡು ಬೇಸಿಗೆ, ಎರಡು ಮಳೆಗಾಲ ಅವನು ಬಿಡುವು ಸಿಕ್ಕಾಗಲೆಲ್ಲ ಅದರ ಹಿಂದೆ ಬಿದ್ದ. ಕೊನೆಗೆ ಒಂದು ಬೆಳಿಗ್ಗೆ, ನಾನು ಆಗಷ್ಟೇ ಬಾಗಿಲು ತೆಗೆದಿದ್ದೆ, ಅವನು ಹಿತ್ತಲಲ್ಲಿ ನಿಂತು ಬೇವಿನ ಕಡ್ಡಿಯಲ್ಲಿ ಹಲ್ಲು ತಿಕ್ಕುತ್ತಿದ್ದ. ಹೆಂಡತಿ ತಂಬಿಗೆಯಲ್ಲಿ ನೀರು ಹಿಡಿದು ನಿಂತಿದ್ದಳು. ಹಲ್ಲು ತಿಕ್ಕಿಯಾದ ಮೇಲೆ ಎಲ್ಲರೂ ಮಾಡುವ ಹಾಗೆ ನಾಲಿಗೆ ಕೆರೆಯಲು ಕಡ್ಡಿಯನ್ನು ಉದ್ದಕ್ಕೆ ಸೀಳಿದ. ಅರ್ಧ ಸೀಳಿ ನಿಲ್ಲಿಸಿದ. ಆ ಸೀಳನ್ನು ಎರಡು ಬೆರಳಲ್ಲಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಆಮೇಲೆ ಬಾಯಿಯನ್ನೂ ತೊಳೆಯದೆ ಒಳಗೆ ಬಂದು ಒಂದು ಗಾಲಿಯ ತೂತಿಗೆ ಅದನ್ನು ತುರುಕಿದ. ಹಿಡಿಯಿತು. ಎಳೆದ. ಬಂತು.

“ಸೀಳಿದ ಕಡ್ಡಿ ತಾನಾಗೇ ಅಗಲಾಗಿ ಹಿಡೀತೈತಿ ಅಣ್ಣಾ. ಬೇಸಗಿ ಇರ್ಲಿ, ಮಳಿ ಇರ್ಲಿ.”

“ಮದ್ಲ ಬಾಯಿ ತೊಳಕೋರಿ,” ಎಂದಳು ಹಿಂದಿನಿಂದ ಬಂದ ಹೆಂಡತಿ. “ಗಾಲಿ ಎಲ್ಲಿ ಓಡಿ ಹೊಕ್ಕಾವು.”

ಕಡ್ಡಿಯ ತುದಿಯ ಆ ಸೀಳೇ ಗಾಲಿಕಡ್ಡಿ. ಉಳಿದದ್ದನ್ನು ಯಾವ ಬಡಿಗನೂ ಮಾಡಿಯಾನು.

ಇನ್ನು ನನ್ನ ತಪ್ಪು. ಅದು ತಿಳಿಯಬೇಕಾದರೆ ನಮ್ಮ ಕಸಬಿನ ಒಂದು ರೀತಿ ಗೊತ್ತಿರಬೇಕು. ಹೊರಗಿನವರು ಬಂದು ಇದನ್ನು ಮಾಡಿದವರು ಯಾರು ಎಂದು ಕೇಳಿದರೆ ಸಣ್ಣವನು ನನ್ನದು ಎನ್ನುವುದಿಲ್ಲ. ಹಿರಿಯನನ್ನು ತೋರಿಸಿ ಇವರದು ಎನ್ನುತ್ತಾನೆ. ಆಗ ಹಿರಿಯ, ಇಲ್ಲ, ಇದು ಇವನ ಕೈಯದು ಎಂದು ಮಾತನ್ನು ತಿರುಗಿ ಕೊಡಬೇಕು. ಕೊಟ್ಟೇ ಕೊಡುತ್ತಾನೆ. ನನ್ನ ಗುರು ನನಗೆ ಹಾಗೆ ಕೊಟ್ಟಿದ್ದರು. ನಾನು ಕೆತ್ತಿದ ತೊಟ್ಟಿಲಿನ ಗಿಳಿಯನ್ನು ಅವರದೆಂದು ಹೇಳಿದಾಗ, ಬೆನ್ನ ಮೇಲೆ ಕೈಯಿಟ್ಟು ನನ್ನನ್ನು ಮುಂದಕ್ಕೆ ನೂಕಿದ್ದರು. ಹಾಗಾಗಿ ಈ ರೀತಿ ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ವಿಜಯಪುರದ ಒಂದು ಸಾಲೆಯ ಹೆಡ್ ಬಾಯಿಯವರು, ಅಂದರೆ ಮುಖ್ಯೋಪಾಧ್ಯಾಯಿನಿ, ನಿಡೋಣಿಯ ತಮ್ಮ ತವರಿಗೆ ಹೋಗುವಾಗ ತೊಟ್ಟಿಲು ಮಾಡಿಕೊಡಿ ಎಂದು ಹೇಳಲು ಬಂದರು. ಕಪಾಟಿನ ಮೇಲೆ ಗಾಲಿಕಡ್ಡಿಯ ಒಂದು ಬಂಡಿ ಇತ್ತು. ಅದನ್ನು ಬಿಚ್ಚಿದರು, ಕೂಡಿಸಿದರು, ಮತ್ತೆ ಬಿಚ್ಚಿದರು. ಕುರ್ಚಿ ಎಳೆದುಕೊಂಡು ಕುಳಿತುಬಿಟ್ಟರು.

“ಯಾರ ತಲಿ ಇದು?”

“ಅಣ್ಣಾರದ ರೀ. ನಾ ಬರೇ ಉಜ್ಜಾಂವ,” ಎಂದ ಗೆಳೆಯ. ಹೇಳಿ ನನ್ನ ಕಡೆ ನೋಡಿದ.

ಆಕೆಯೂ ನನ್ನ ಕಡೆ ನೋಡಿದರು. ಓದಿದ ಒಬ್ಬರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು. ನಾನು ಮಾತನ್ನು ತಿರುಗಿ ಕೊಡಲಿಲ್ಲ. ಸಣ್ಣಗೆ ನಕ್ಕೆ. ಒಂದು ಬೀಡಿ ಹಚ್ಚುವಷ್ಟು ಹೊತ್ತು ಗೆಳೆಯ ಕಾದ. ಆಮೇಲೆ ಉಜ್ಜುವ ಕಾಗದ ಎತ್ತಿಕೊಂಡು ಒಳಗೆ ಹೋದ. ನಾನು ಆ ದಿನ ಸುಳ್ಳು ಹೇಳಲಿಲ್ಲ. ಬಾಯಿಯನ್ನೇ ತೆರೆಯಲಿಲ್ಲ. ಅದೇ ನನ್ನ ಮೊದಲ ಸುಳ್ಳು.

ಆ ಬಾಯಿಯವರಿಂದ ಅವರ ಸಾಲೆಗೆ ಹೋಯಿತು, ಅಲ್ಲಿಂದ ಅಂಗನವಾಡಿಗಳಿಗೆ, ಅಲ್ಲಿಂದ ಬಜಾರಕ್ಕೆ. ಪೇಪರಿನವರು ಒಬ್ಬರು ಬಂದು ಹೇಗೆ ಹೊಳೆಯಿತು ಎಂದು ಕೇಳಿದಾಗ ನಾನು ಬೇವಿನ ಕಡ್ಡಿಯ ಕಥೆಯನ್ನೇ ಹೇಳಿದೆ, ಹಲ್ಲು ತಿಕ್ಕುವವನ ಜಾಗದಲ್ಲಿ ನನ್ನನ್ನು ನಿಲ್ಲಿಸಿಕೊಂಡು. ಒಳಗೆ ಲೇಥ್ ತಿರುಗುತ್ತಿದ್ದ ಸದ್ದು ನಿಂತದ್ದು ಕೇಳಿಸಿತು. ನಾನು ಮಾತು ನಿಲ್ಲಿಸಲಿಲ್ಲ.

ಜಗಳವಾಗಲಿಲ್ಲ. ಐದಾರು ವರ್ಷ ಕಳೆದ ಮೇಲೆ ಅವನ ಅಪ್ಪ ತಿಕೋಟಾದಲ್ಲಿ ದ್ರಾಕ್ಷಿ ಹಚ್ಚಿದರು. ಅವನು ಊರಿಗೆ ಹೋಗಿ ತೋಟ ನೋಡಿಕೊಂಡು, ಜೊತೆಗೆ ಬಾಗಿಲ ಚೌಕಟ್ಟು ಮಾಡಿಕೊಂಡು ನೆಲೆಸಿದ. ಮದುವೆಗಳಲ್ಲಿ ಸಿಗುತ್ತಿದ್ದೆವು. ಪ್ರತಿ ಸಲವೂ ಪಕ್ಕದವರಿಗೆ ನನ್ನನ್ನು ತೋರಿಸಿ, “ಗಾಲಿಕಡ್ಡಿ ಮಾಡಿದಾಂವ ಇಂವನ ನೋಡ್ರಿ,” ಎನ್ನುತ್ತಿದ್ದ.  ಅವನು ಇನ್ನೂ ಕಾಯುತ್ತಿದ್ದಾನೆ, ನಾನು ತಿರುಗಿ ಕೊಡಬೇಕಾದ ಮಾತಿಗೆ ಕಾಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಇವತ್ತಲ್ಲ ನಾಳೆ ಕೊಡುತ್ತೇನೆ, ಅವನು ಎಲ್ಲಿ ಹೋಗುತ್ತಾನೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನನ್ನನ್ನು ಸುಖವಾಗಿ ಇಟ್ಟದ್ದು ಆ ಯೋಚನೆ.

ಈಗ ನಾನು ವಿಜಯಪುರದ ಜಲನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಹತ್ತಿರದ ಸಾಲೆಯವರು ಮಕ್ಕಳ ಆಟಕ್ಕೆಂದು ಒಂದು ಕೋಣೆ ಕಟ್ಟಿಸಿ, ಗೋಡೆಯ ಮೇಲೆ ಗಾಲಿಕಡ್ಡಿಯ ಚಿತ್ರ ಬರೆಸಿ, ಕೆಳಗೆ ನನ್ನ ಹೆಸರು ಹಾಕುತ್ತೇವೆ, ಸನ್ಮಾನಕ್ಕೆ ಬರಬೇಕು ಎಂದರು. ಪೇಪರು ರದ್ದಿಗೆ ಹೋಗುತ್ತದೆ, ಗೋಡೆ ಹೋಗುವುದಿಲ್ಲ. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಿಕೋಟಾದ ಬಸ್ಸು ಹತ್ತಿದೆ. ಗೆಳೆಯನ ಮುಂದೆ ಒಪ್ಪಿಕೊಂಡು, ಅವನನ್ನು ಕರೆತಂದು, ಎಲ್ಲರ ಎದುರು ಮಾತನ್ನು ತಿರುಗಿ ಕೊಡಬೇಕೆಂದು ನಿಶ್ಚಯಿಸಿದ್ದೆ. ಬೈಯುತ್ತಾನೆ, ಬೈಯಲಿ ಎಂದುಕೊಂಡೆ. ಅಳುತ್ತಾನೇನೋ ಎಂದೂ ಅನ್ನಿಸಿತ್ತು.

ಅವನು ಅಂಗಳದಲ್ಲಿ ಹೊರಸಿನ ಮೇಲೆ ಕುಳಿತಿದ್ದ. ಗಟ್ಟಿಯಾಗಿದ್ದಾನೆ. ಮರೆವು ಬಂದಿಲ್ಲ. ನಾವು ಕೂಡಿ ಮಾಡಿದ ಚಕ್ಕಡಿಗಳಲ್ಲಿ ಯಾವುದು ಯಾರ ಮನೆಗೆ ಹೋಯಿತೆಂದು ಇಂದಿಗೂ ಹೇಳುತ್ತಾನೆ. ಹೆಂಡತಿ ನೆಲದ ಮೇಲೆ ಕುಳಿತು ಮೊರದಲ್ಲಿ ಒಣದ್ರಾಕ್ಷಿಯ ತೊಟ್ಟು ಬಿಡಿಸುತ್ತಿದ್ದಳು. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಚಹಾ ತಂದಿಟ್ಟಳು. ನಾನು ಚಹಾ ಮುಟ್ಟದೆ ಹೇಳಿದೆ.

“ತಮ್ಮಾ, ಗಾಲಿಕಡ್ಡಿ ನಿಂದು. ನಾ ನಂದಂತ ಹೇಳಕೋತ ಬಂದೆ. ತಪ್ಪಾಗೈತಿ.”

ಅವನು ನಕ್ಕ. “ನಂದು ಹ್ಯಾಂಗ ಆಕ್ಕೈತಿ? ಜಲನಗರದಾಗ ಫ್ಯಾನಿನ ಕೆಳಗ ಕುಂತ ಕುಂತ ತಲಿ ಕೆಟ್ಟೈತೇನ ನಿಂದು?”

“ಬೇವಿನ ಕಡ್ಡಿ ಸೀಳಿದಾಂವ ನೀ.”

“ನಾ ಅಲ್ಲೇ ಇದ್ನಲ್ಲೋ ಅಣ್ಣಾ. ನೀ ಹಿತ್ತಲದಾಗ ಹಲ್ಲ ತಿಕ್ಕಾಕತ್ತಿದ್ದಿ. ಅರ್ಧಾ ಸೀಳಿ ನಿಂತಿ. ನಾ ತಂಬಿಗಿ ಹಿಡಕೊಂಡ ನಿಂತಿದ್ನಿ, ನಿನಗ ನೀರ ಹಾಕಾಕ. ನೀ ಬಾಯಿ ತೊಳೀಲಾರದ ಒಳಗ ಓಡಿದಿ. ನಿನ್ನ ಗಲ್ಲದ ಮ್ಯಾಲ ಹಸರ ಉಗುಳ ಹರದಿತ್ತು. ಇವತ್ತಿಗೂ ಕಣ್ಣಾಗ ಐತಿ ನನಗ.”

 ಅವನು ಚೇಷ್ಟೆ ಮಾಡುತ್ತಿರಲಿಲ್ಲ. ಅವನ ಮುಖದಲ್ಲಿ ಹಳೆಯದನ್ನು ನೆನೆಯುವ ಸಂತೋಷವಿತ್ತು. ಹಸಿರು ಉಗುಳಿನ ಮಾತನ್ನು ನಾನು ಯಾವ ಪೇಪರಿನವರಿಗೂ ಹೇಳಿರಲಿಲ್ಲ. ಅದು ಅವನದೇ ಗಲ್ಲ, ನಾನು ಕಣ್ಣಾರೆ ಕಂಡದ್ದು. ತನ್ನ ಗಲ್ಲವನ್ನು ನನಗೆ ಕೊಟ್ಟು, ತಾನು ಹೋಗಿ ಹೆಂಡತಿಯ ಜಾಗದಲ್ಲಿ ತಂಬಿಗೆ ಹಿಡಿದು ನಿಂತಿದ್ದ. ನಾನು ಕದ್ದದ್ದು ಹೆಸರು ಎಂದು ತಿಳಿದಿದ್ದೆ. ಅವನೊಳಗಿನ ಆ ಬೆಳಗನ್ನೇ ನಾನು ಎತ್ತಿಕೊಂಡು ಹೋಗಿದ್ದೆ, ಅವನಿಗೇ ಗೊತ್ತಾಗದ ಹಾಗೆ. ಅವನು ಯಾವ ಮಾತಿಗೂ ಕಾಯುತ್ತಿರಲಿಲ್ಲ.

“ತಂಬಿಗಿ ಹಿಡದಾಕಿ ನಾ,” ಎಂದಳು ಅವನ ಹೆಂಡತಿ. ಮೊರದಿಂದ ತಲೆ ಎತ್ತಲಿಲ್ಲ.

“ಬಂತು ನೋಡ ಮತ್ತ,” ಎಂದ ಗೆಳೆಯ. “ಅಣ್ಣಾ, ಇದು ಇಕೀದು ದಿನಾ ಇದ್ದದ್ದ. ತನ್ನ ಗಂಡ ದೊಡ್ಡಾಂವ ಆಗಬೇಕಂತ ಆಸೆ. ಮಕ್ಕಳ ಮುಂದೂ ಇದನ್ನ ಹೇಳ್ತಿದ್ದಳು. ಸುಳ್ಳ ಕಲಸಬ್ಯಾಡ ಅಂತ ನಾ ಎಷ್ಟ ಸಲ ಬೈದೇನಿ. ಮಕ್ಕಳೂ ಅಂತಿದ್ದರು, ಅಮ್ಮೀದು ಬರೇ ಬಡಾಯಿ ಅಂತ. ಒಂದಿನ ಮದವ್ಯಾಗ ಮಂದೀ ಮುಂದನೂ ಆಡಿದ್ಲು. ನಿನಗ ನೆನಪಿರಬೇಕಲ್ಲ, ನಿನ್ನ ಮುಂದ ಕರಕೊಂಡ ಬಂದಿದ್ನಿ.”

ನೆನಪಿತ್ತು. ಬೇಡವೆಂದು ಮೂಲೆಗೆ ಒತ್ತಿಟ್ಟಿದ್ದೆ. ಅವನ ಹಿರಿಯ ಮಗಳ ಮದುವೆ. ನಾನು ಊಟಕ್ಕೆ ಕುಳಿತಿದ್ದೆ. ಅವನು ಹೆಂಡತಿಯನ್ನು ಕರೆತಂದು ನನ್ನ ಎದುರು ನಿಲ್ಲಿಸಿದ. ಆಕೆ ಸೆರಗು ಎಳೆದುಕೊಂಡು, ನೆಲ ನೋಡುತ್ತ, “ತಪ್ಪಾತ್ರಿ ಅಣ್ಣಾರ,” ಎಂದಳು. ಏನು ತಪ್ಪು ಎಂದು ಅವನೇ ಹೇಳಿದ: ಗಾಲಿಕಡ್ಡಿ ತನ್ನ ಗಂಡನದೆಂದು ಹೆಂಗಸರ ಪಂಕ್ತಿಯಲ್ಲಿ ಮಾತಾಡಿದ್ದಳಂತೆ. ಆಗ ನಾನು ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯಲೇಬೇಕು. “ಇರ್ಲಿ ಬಿಡ ತಂಗಿ, ಬಾಯಿ ತಪ್ಪಿ ಬಂದಿರತೈತಿ,” ಎಂದೆ. ನಿಜ ಹೇಳಿದವಳನ್ನು ನಾನು ಕ್ಷಮಿಸಿದೆ. ಎಲೆಯ ಮುಂದೆ ಕುಳಿತೇ ಕ್ಷಮಿಸಿ, ಊಟ ಮುಂದುವರಿಸಿದೆ.

ಗೆಳೆಯನಿಗೆ ಮೋಸ ಮಾಡಿದ್ದೇನೆಂದು ಮೂವತ್ತು ವರ್ಷ ಅಳುಕಿದ್ದೆ. ಅವನ ಹೆಂಡತಿಯನ್ನು ಅವಳ ಮನೆಯಲ್ಲೇ, ಅವಳ ಮಕ್ಕಳ ಎದುರಿನಲ್ಲೇ ಸುಳ್ಳುಗಾತಿ ಮಾಡಿದ್ದೇನೆಂದು ಒಂದು ದಿನವೂ ಯೋಚಿಸಿರಲಿಲ್ಲ.

“ಆಕಿ ಹೇಳೂದು ಖರೇ ಐತಿ ತಮ್ಮಾ,” ಎಂದೆ. 

“ಆಕೀ ಮನಸ ನೋಯಬಾರದಂತ ಅನ್ನಾಕತ್ತಿ. ನಿಂದು ಮದಲಿಂದ ದೊಡ್ಡ ಮನಸ ಅಣ್ಣಾ.”

“ಮಗಳ ಆಣಿ ಮಾಡಿ ಹೇಳ್ತೇನಿ.”

ಅವನಿಗೆ ಸಿಟ್ಟು ಬಂತು. “ಆಣಿ ಗೀಣಿ ಹಾಕಬ್ಯಾಡ. ನಮ್ಮ ಮನೀ ಜಗಳಕ್ಕ ನಿನ್ನ ಮಗಳನ್ನ ಯಾಕ ತರ್ತಿ? ಚಾ ಆರಾಕತ್ತೈತಿ, ಕುಡಿ.”

ನಾನು ಒಪ್ಪಿಕೊಂಡಷ್ಟೂ ಅವನ ಕಣ್ಣಲ್ಲಿ ದೊಡ್ಡವನಾಗುತ್ತಿದ್ದೆ. ಆಕೆ ಎದ್ದು ಮೊರ ಒಳಗಿಟ್ಟು ಬಂದಳು. ಹೋಗುವಾಗ ನನ್ನನ್ನು ಒಮ್ಮೆ ನೋಡಿದಳು. ಸಿಟ್ಟಿರಲಿಲ್ಲ. ನೀವು ಇಷ್ಟು ತಡವಾಗಿ ಬಂದರೆ ಇನ್ನೇನಾದೀತು ಎನ್ನುವ ಹಾಗಿತ್ತು.

ಸನ್ಮಾನಕ್ಕೆ ಅವರನ್ನು ಕರೆದೆ. ಗಂಡ, ಹೆಂಡತಿ, ಮೊಮ್ಮಗಳು ಮೂವರೂ ಬಂದರು. ಶಾಲು ಹೊದಿಸಿ ಮೈಕು ಕೊಟ್ಟಾಗ ಅಂಜಿಕೆ ಬಿಟ್ಟು ಎಲ್ಲವನ್ನೂ ಹೇಳಿದೆ. ಇದು ನನ್ನದಲ್ಲ, ಅಲ್ಲಿ ಮುಂದೆ ಕುಳಿತವನದು, ನಾನು ಸುಳ್ಳು ಹೇಳಿದೆ ಎಂದೆ.  ಸಭೆ ಜೋರಾಗಿ ಚಪ್ಪಾಳೆ ಹೊಡೆಯಿತು. ಹಿರಿಯನು ಮಾತನ್ನು ಕಿರಿಯನಿಗೆ ತಿರುಗಿ ಕೊಡುವ ರೀತಿ ಅಲ್ಲಿ ಕುಳಿತ ಎಲ್ಲರಿಗೂ ಗೊತ್ತು. ನಾನು ಆ ಮರ್ಯಾದೆಯನ್ನೇ ಮಾಡುತ್ತಿದ್ದೇನೆಂದು ತಿಳಿದರು. ಕೊಡಬೇಕಾದ ದಿನ ಕೊಡದ ಮಾತು, ಕೊಟ್ಟ ದಿನ ಬರೀ ಸೌಜನ್ಯವಾಯಿತು. ಹೆಡ್ ಮಾಸ್ತರರು ಮೈಕು ತೆಗೆದುಕೊಂಡು, ಇಂಥ ವಿನಯ ಹಳೆಯ ಕುಶಲಕರ್ಮಿಗಳಲ್ಲಿ ಮಾತ್ರ ಎಂದರು. ಗೆಳೆಯ ಎದ್ದು ಕೈ ಮುಗಿದು, “ಅಣ್ಣಂದು ಹಿಂಗ ರೀ. ತನ್ನ ತಾಟಿನಾಂದ ಎತ್ತಿ ಮಂದೀ ತಾಟಿಗೆ ಹಾಕಲಾರದ ಅಂವಗ ಊಟಾ ಸೇರಂಗಿಲ್ಲ,” ಎಂದ. ಜನ ನಕ್ಕರು. ಮೂರನೆಯ ಸಾಲಿನಲ್ಲಿ ಅವನ ಹೆಂಡತಿ ಒಬ್ಬಳೇ ಚಪ್ಪಾಳೆ ಹೊಡೆಯದೆ ಕುಳಿತಿದ್ದಳು.

ಗೋಡೆಯ ಮೇಲೆ ನನ್ನ ಹೆಸರು ಇದೆ. ಮರುದಿನ ಹೋಗಿ ಅಳಿಸಿರಿ ಎಂದೆ. ಚಹಾ ಕುಡಿಸಿ ಕಳಿಸಿದರು.

ಸನ್ಮಾನದ ದಿನವೇ ಸಮಾರಂಭ ಮುಗಿದು, ಗೆಳೆಯ ಆಟೋ ಹಿಡಿಯಲು ರಸ್ತೆಗೆ ಹೋದಾಗ, ಆಕೆ ಗೇಟಿನ ಹತ್ತಿರ ನನ್ನ ಬಳಿ ಬಂದಳು.

“ಅಣ್ಣಾರ, ಬಾಯಿಲೆ ಹೇಳಿದ್ರ ಎಲ್ಲಾರೂ ಮರ್ಯಾದಿ ಅಂತ ತಿಳೀತಾರ. ಬರದ ಕೊಡ್ರಿ. ಮಮ್ಮಗಳು ಓದತಾಳ.”

“ಬರೀತೇನಿ ತಂಗಿ.”

“ಮದವ್ಯಾಗ ನಾ ತಪ್ಪಾತು ಅಂದದ್ದನ್ನೂ ಬರೀರಿ. ಅದಕ್ಕ ನೀವು ಏನಂದ್ರಿ ಅನ್ನೂದನ್ನೂ. ನೀವು ಚಲೋ ಕಾಣೂ ಹಂಗ ಬರೀಬ್ಯಾಡ್ರಿ. ಹಂಗ ಬರದ್ರ ಇವರು ಮತ್ತ ನಿಮ್ಮನ್ನ ಹೊಗಳ್ಕೋತ ಕುಂಡ್ರತಾರ.”

ಎರಡು ಸಲ ಬರೆದೆ. ಎರಡನ್ನೂ ಓದಿ ನನ್ನ ಮಗಳು ಕಣ್ಣು ಒರೆಸಿಕೊಂಡು, “ಅಪ್ಪಾ, ಎಷ್ಟ ಚಲೋ ಮನಷ್ಯಾ ನೀ,” ಎಂದಳು. ಎರಡನ್ನೂ ಹರಿದೆ. ಇದು ಮೂರನೆಯದು. ಇದನ್ನು ಓದಿ ಮಗಳು ಏನೂ ಹೇಳದೆ ಎದ್ದುಹೋದಳು. ಆದ್ದರಿಂದ ಇದನ್ನೇ ಅಚ್ಚಿಗೆ ಕೊಡುತ್ತಿದ್ದೇನೆ. ಒಂದು ಪ್ರತಿ ತಿಕೋಟಾಕ್ಕೆ ಹೋಗುತ್ತದೆ.

ತಮ್ಮಾ, ಇದನ್ನು ಓದಿಸುವಾಗ ಮಕ್ಕಳನ್ನೂ ಕರೆಸು. ಅವರೂ ಕೇಳಬೇಕು. ನನ್ನ ಮನಸ್ಸು ದೊಡ್ಡದೆಂದು ಹೇಳಬೇಡ. ನಿನ್ನ ಹೆಂಡತಿ ನನ್ನ ಎಲೆಯ ಮುಂದೆ ನಿಂತು ತಪ್ಪಾಯಿತು ಎಂದ ದಿನ, ಅವಳು ಸುಳ್ಳು ಹೇಳಿಲ್ಲವೆಂದು ಗೊತ್ತಿದ್ದವರು ಆ ಹಂದರದಲ್ಲಿ ಇಬ್ಬರೇ. ಒಬ್ಬಳು ಅವಳು, ಇನ್ನೊಬ್ಬ ನಾನು. ನಾನು ಉಣ್ಣುತ್ತಿದ್ದೆ. ಓದಿ ಮುಗಿದ ಮೇಲೆ ನನಗೆ ಫೋನು ಮಾಡಬೇಡ. ಆ ಬೆಳಿಗ್ಗೆ ನೀನು ಎಲ್ಲಿ ನಿಂತಿದ್ದೆ, ಏನು ಮಾಡಿದೆ ಎಂದು ಅವಳನ್ನು ಕೇಳು. ಅವಳಿಗೆ ಎಲ್ಲ ನೆನಪಿದೆ.